ಬೆನ್ನು ಮೊದಲು

"ಯಾರೇ ಬರಲಿ, ಬೆನ್ನು ಮೊದಲು."

ಹೊಂಬವ್ವ ಕೊನೆಗೆ ಹೇಳಿದ್ದು ಇಷ್ಟೇ. ಆಮೇಲೆ ಅವಳು ಮಾತಾಡಲಿಲ್ಲ. ಬೆಳಗಾಗುವ ಹೊತ್ತಿಗೆ ಉಸಿರು ನಿಂತಿತ್ತು.

ಮಕ್ಕಳೇ, ಹೊಂಬವ್ವ ಒಂದು ಮುಳ್ಳುಹಂದಿ. ಅವಳ ಗಂಡ ದುಗ್ಗಣ್ಣ. ಕರಿಕಲ್ಲು ಗುಡ್ಡದ ಬುಡದಲ್ಲಿ ಒಂದು ಚಪ್ಪಟೆ ಬಂಡೆ ಇತ್ತು. ಅದರ ಕೆಳಗೆ ಅವರ ಬಿಲ. ಸುತ್ತ ಕಾರೆ ಗಿಡ, ಕಳ್ಳಿ, ಲಂಟಾನ. ಬಿಲದ ಮುಂದೆ ಒಂದಿಷ್ಟು ಮರಳು. ಅದನ್ನು ಹೊಂಬವ್ವನೇ ಹಳ್ಳದಿಂದ ಎಳೆದು ತಂದು ಹರಡಿದ್ದಳು. ಅಂಗಳ ನೋಡೋಕೆ ಚೆನ್ನಾಗಿರಲಿ ಅಂತ ಇರಬೇಕು ಎಂದು ದುಗ್ಗಣ್ಣ ತಿಳಿದಿದ್ದ.

ಅವರಿಗೆ ಒಬ್ಬಳೇ ಮಗಳು. ಹೆಸರು ಸೂಜಿ. ಹೆಸರಷ್ಟೇ ಸೂಜಿ. ಮೈಮೇಲಿನ ಮುಳ್ಳು ಇನ್ನೂ ಮೆತ್ತಗಿತ್ತು, ಹುಲ್ಲುಕಡ್ಡಿಯ ಹಾಗೆ ಬಾಗುತ್ತಿತ್ತು. ಅದು ಗಟ್ಟಿಯಾಗಲು ಇನ್ನೊಂದು ತಿಂಗಳು ಬೇಕು. ಮುಳ್ಳು ಗಟ್ಟಿಯಾದ ಮುಳ್ಳುಹಂದಿಯನ್ನು ಚಿರತೆಯೂ ಎರಡು ಸಲ ಯೋಚಿಸಿ ಮುಟ್ಟುತ್ತದೆ. ಮುಳ್ಳು ಮೆತ್ತಗಿದ್ದರೆ ಕಾಯುವುದು ಮನೆಯೊಂದೇ.

ಹೊಂಬವ್ವನ ಮನೆಗೆ ಎರಡು ನಿಯಮ ಇದ್ದವು.

ಒಂದು, ಒಳಗೆ ಬರುವವರು ಬೆನ್ನು ಮೊದಲು ಮಾಡಿ ಬರಬೇಕು. ಮುಖ ಹೊರಗೆ, ಬೆನ್ನು ಒಳಗೆ. ಹಾಗೇ ಹಿಂದೆ ಹಿಂದೆ ನಡೆದು ಬರಬೇಕು.

ಇನ್ನೊಂದು, ಮೂಲೆಯಲ್ಲಿ ಒಂದು ಹಿಂಬಾಗಿಲು ಇತ್ತು. ಅದಕ್ಕೆ ಸಡಿಲ ಮಣ್ಣು ತುಂಬಿ ಮುಚ್ಚಿದ್ದಳು. ಆ ಮಣ್ಣನ್ನು ಯಾರೂ ತುಳಿದು ಗಟ್ಟಿ ಮಾಡಬಾರದು.

ಮದುವೆಯಾದ ಹೊಸತರಲ್ಲಿ ದುಗ್ಗಣ್ಣ ತಲೆ ಮುಂದೆ ಮಾಡಿ ಒಳಗೆ ನುಗ್ಗಿದ್ದ. ಹೊಂಬವ್ವ ದಾರಿ ಬಿಡಲಿಲ್ಲ. "ಹೊರಗೆ ಹೋಗು. ಸರಿಯಾಗಿ ಬಾ," ಅಂದಳು. ಅವನು ಹೋಗಿ ಸರಿಯಾಗಿ ಬಂದ. ಯಾಕೆ ಅಂತ ಕೇಳಲಿಲ್ಲ. ಅವಳು ಹೇಳಲೂ ಇಲ್ಲ. ಇಬ್ಬರೂ ಮಾತು ಕಮ್ಮಿ.

ಅವನೇ ಒಂದು ಕಾರಣ ಮಾಡಿಕೊಂಡ. ಬಿಲ ಇಕ್ಕಟ್ಟು. ಒಳಗೆ ಬಂದು ತಿರುಗಿದರೆ ಮುಳ್ಳು ಗೋಡೆಗೆ ಉಜ್ಜಿ ಮಣ್ಣು ಉದುರುತ್ತದೆ. ಅದಕ್ಕೇ ಇರಬೇಕು.

ಹೊಂಬವ್ವ ಮಾತ್ರ ಅರ್ಧ ಒಳಗೆ ಬಂದ ಮೇಲೆ ಒಂದು ಗಳಿಗೆ ನಿಲ್ಲುತ್ತಿದ್ದಳು. ಅರ್ಧ ಮೈ ಒಳಗೆ, ತಲೆ ಹೊರಗೆ. ಪಾಪ, ಸುಸ್ತಾಗಿದೆ ಎಂದು ಅವನು ಅಂದುಕೊಳ್ಳುತ್ತಿದ್ದ.

ಒಂದು ದಿನ ಅವಳ ಕಾಲಿಗೆ ಬಿದಿರ ಸಿಬಿರು ಹೊಕ್ಕಿತು. ಕೀವು ಕಟ್ಟಿತು. ಒಂಬತ್ತು ದಿನ ಜ್ವರ. ಹತ್ತನೇ ದಿನ ಆ ಒಂದು ಮಾತು ಹೇಳಿ ಹೋದಳು. ಅವಳ ಮೈಯಿಂದ ಉದುರಿದ ಮೂರು ಮುಳ್ಳು ನೆಲದ ಮೇಲೆ ಉಳಿದವು. ದುಗ್ಗಣ್ಣ ಅವನ್ನು ಮುಟ್ಟಲಿಲ್ಲ. ಇದ್ದಲ್ಲೇ ಇರಲಿ ಎಂದು ಬಿಟ್ಟ.

ಸೂಜಿ ಊಟ ಬಿಟ್ಟಳು. ಗೋಡೆಗೆ ಮುಖ ಮಾಡಿ ಮಲಗಿದಳು.

ಐದನೇ ದಿನ ಬಾಗಿಲ ಹತ್ತಿರ ಸದ್ದಾಯಿತು. ತಾಯಕ್ಕ ಬಂದಿದ್ದಳು. ತಾಯಕ್ಕ ಒಂದು ಮೊಲ. ಹೊಂಬವ್ವನ ಗೆಳತಿ. ಗುಡ್ಡದ ಆಚೆ ಮಗ್ಗುಲಲ್ಲಿ ಹುಲ್ಲಿನ ಪೊದೆಯಲ್ಲಿ ಇರುತ್ತಿದ್ದಳು. ಅಲ್ಲಿ ಬೆಂಕಿ ಬಿದ್ದು ಹುಲ್ಲೆಲ್ಲ ಸುಟ್ಟುಹೋಗಿತ್ತು. ಅವಳ ಒಂದು ಕಿವಿಯ ತುದಿಯೂ ಕರಕಲಾಗಿತ್ತು. ಆದರೂ ಅವಳು ತನ್ನ ಸುದ್ದಿ ಹೇಳಲಿಲ್ಲ. ಬಾಯಲ್ಲಿ ಒಂದು ಗೆಣಸು ಕಚ್ಚಿಕೊಂಡು ಬಂದಿದ್ದಳು. ಅದನ್ನು ಅಂಗಳದಲ್ಲಿ ಇಟ್ಟು ಸುಮ್ಮನೆ ಅತ್ತಳು.

ದುಗ್ಗಣ್ಣನಿಗೂ ಅಳು ಬಂತು.

ಆಮೇಲೆ ತಾಯಕ್ಕ ಒಳಗೆ ಹೊರಟಳು. ಕಿವಿ ಮಡಚಿ, ತಲೆ ಮುಂದೆ ಮಾಡಿ.

"ತಾಯಕ್ಕ," ಅಂದ ದುಗ್ಗಣ್ಣ. "ನಮ್ಮಲ್ಲಿ ಬೆನ್ನು ಮೊದಲು."

"ಹಂಗಂದ್ರೆ?"

ಅವನು ಹೇಗೆಂದು ತೋರಿಸಿದ. ತಾಯಕ್ಕ ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು.

"ದುಗ್ಗಣ್ಣ, ನಮ್ಮ ಕಾಲು ಮುಂದಕ್ಕೆ ಹಾರೋಕೆ ಇರೋದಪ್ಪ. ಹಿಂದಕ್ಕೆ ನಡೆದರೆ ಬಾಲದ ಮೇಲೆ ಕೂತ್ಕೋತೀನಿ. ಇರೋದೇ ಚೋಟುದ್ದ ಬಾಲ." ಆಮೇಲೆ ಕೇಳಿದಳು, "ಯಾಕಿದು? ಏನಾದ್ರೂ ಕಾರಣ ಇದೆಯಾ?"

"ಮುಳ್ಳು ಗೋಡೆಗೆ ಉಜ್ಜುತ್ತೆ ಅಂತ."

"ನನಗೆ ಮುಳ್ಳೆಲ್ಲಿದೆ?"

ಅದು ನಿಜ. ಹೊಂಬವ್ವ ಯಾರೇ ಬರಲಿ ಅಂದಿದ್ದಳು. ಆದರೆ ಮನೆ ಸುಟ್ಟುಕೊಂಡವಳು, ಸಾವಿನ ಮನೆಗೆ ಗೆಣಸು ಹೊತ್ತು ಬಂದವಳು, ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ನಿಯಮ ಹೇಳುವುದೇ? ದಾಕ್ಷಿಣ್ಯ ಬಾಯಿಗೆ ಅಡ್ಡ ಬಂತು.

"ಇರಲಿ ಬಾ," ಅಂದ.

ತಾಯಕ್ಕ ಗೆಣಸು ಕಚ್ಚಿಕೊಂಡು, ತಲೆ ಮೊದಲು ಮಾಡಿ ಒಳಗೆ ಹೋದಳು.

ಒಳಗೆ ಏನಾಯಿತೋ ಗೊತ್ತಿಲ್ಲ, ದುಗ್ಗಣ್ಣ ಬಾಗಿಲಲ್ಲೇ ಕೂತಿದ್ದ. ಸ್ವಲ್ಪ ಹೊತ್ತಿಗೆ ಗೆಣಸು ಕಡಿಯುವ ಸದ್ದು ಕೇಳಿತು. ಸೂಜಿ ತಿನ್ನುತ್ತಿದ್ದಳು.

ತಾಯಕ್ಕ ಅಲ್ಲೇ ಉಳಿದಳು. ಅವಳು ಒಳ್ಳೆಯ ಅತಿಥಿ. ಹಿಂಬಾಗಿಲ ಮಣ್ಣು ತುಳಿಯಬಾರದು ಎಂದು ಸೂಜಿ ಹೇಳಿದಳು. ತಾಯಕ್ಕ ಆ ಮೂಲೆಗೇ ಹೋಗಲಿಲ್ಲ. ನೆಲದ ಮೇಲಿನ ಮೂರು ಮುಳ್ಳನ್ನು ಕಂಡು, ಏನೂ ಕೇಳದೆ, ಸುತ್ತು ಬಳಸಿ ಓಡಾಡಿದಳು. ದುಗ್ಗಣ್ಣ ಗೆಡ್ಡೆ ಅಗೆಯಲು ಹೋದಾಗ ಮಗು ನೋಡಿಕೊಂಡಳು. ಒಂದು ದಿನ ಅವಳು ತನ್ನ ಕರಕಲು ಕಿವಿಯನ್ನು ಸೂಜಿಯ ಮೂಗಿಗೆ ಹಿಡಿದು, "ಮೂಸು, ನಿನ್ನ ಚಿಕ್ಕವ್ವ ಸುಟ್ಟ ಗೆಣಸು," ಅಂದಳು. ಸೂಜಿ ನಕ್ಕಳು.

ಅವ್ವ ಹೋದ ಮೇಲೆ ಅದೇ ಮೊದಲ ನಗು. ದುಗ್ಗಣ್ಣ ಹೊರಗೆ ನಿಂತು ಕೇಳಿಸಿಕೊಂಡ. ಆ ನಗುವಿನ ಮುಂದೆ ಯಾವ ನಿಯಮ ದೊಡ್ಡದು ಅಂದುಕೊಂಡ.

ಆದರೆ ಒಂದು ಬೆಳಿಗ್ಗೆ, ಅಂಗಳದಲ್ಲಿ ಆಡುತ್ತಿದ್ದ ಸೂಜಿ ತಲೆ ಮೊದಲು ಮಾಡಿ ಒಳಗೆ ಓಡಿದಳು.

"ಬೆನ್ನು ಮೊದಲು," ಅಂದ ದುಗ್ಗಣ್ಣ.

"ಚಿಕ್ಕವ್ವ ಹಂಗೇ ಬರ್ತಾಳಲ್ಲ."

"ಅವರು ನೆಂಟರು."

"ನೆಂಟರಿಗೆ ಇಲ್ಲದ ನಿಯಮ ನಮಗ್ಯಾಕಪ್ಪ? ನಾವೇನು ತಪ್ಪು ಮಾಡಿದ್ದೀವಿ?"

ಮಗಳ ಮಾತು ಎಷ್ಟೋ ಹೊತ್ತು ತಲೆಯಲ್ಲಿ ಉಳಿಯಿತು.

ಅದೇ ವಾರ ಮಳೆ ಬಿತ್ತು. ಮಳೆ ನಿಂತ ಮೇಲೆ ಮರಿಯಣ್ಣ ಬಂದ. ಮರಿಯಣ್ಣ ಒಂದು ಕೌಜುಗ ಹಕ್ಕಿ. ಪಕ್ಕದ ಪೊದೆಯವನು. ಗುಡ್ಡದ ಸುದ್ದಿಯೆಲ್ಲ ಅವನ ಬಾಯಲ್ಲಿ. ಮೇಲಿನ ಬಂಡೆಯಲ್ಲಿ ಹೆಬ್ಬಾವು ಬಿಸಿಲು ಕಾಯುತ್ತಿದೆ, ಇರುವ ಬಿಲಕ್ಕೆ ನೀರು ನುಗ್ಗಿ ಹೊಸ ಮನೆ ಹುಡುಕುತ್ತಿದೆ ಎಂದ. ಆಮೇಲೆ ಕತ್ತು ಕೊಂಕಿಸಿ ನೋಡಿದ.

"ನಿಮ್ಮ ಮನೆಯಲ್ಲಿ ಈಗ ಹೆಂಗಂದ್ರೆ ಹಂಗೆ ಬರಬಹುದಂತಲ್ಲ, ದುಗ್ಗಣ್ಣ. ಗುಡ್ಡಕ್ಕೆಲ್ಲ ಗೊತ್ತಾಗಿದೆ."

ಗುಡ್ಡಕ್ಕೆಲ್ಲ ಹೇಳಿದವನು ಅವನೇ. ದುಗ್ಗಣ್ಣ ಅದನ್ನು ಎತ್ತಲಿಲ್ಲ. ಬಂದವರು ದುಃಖದಲ್ಲಿದ್ದಾರೆ, ಅವರಿಗೆ ನಿಯಮ ಹೇಳೋದು ಸರಿಯಲ್ಲ ಅಂದ. ನೆಂಟರನ್ನು ನಮ್ಮ ಅಳತೆಗೆ ಬಗ್ಗಿಸಬಾರದು ಅಂದ.

ಮರಿಯಣ್ಣ ಒಂದು ಕಾಳು ಕುಕ್ಕಿದ.

"ನಮ್ಮ ಪೊದೆಗೆ ಯಾರು ಬಂದರೂ ನಾನು ಮೊದಲೇ ಹೇಳ್ತೀನಿ, ಈ ಕಡೆ ಮೊಟ್ಟೆ ಇದೆ, ಕಾಲಿಡಬೇಡಿ ಅಂತ. ಹೋದ ವರ್ಷ ನನ್ನ ಅತ್ತೆ ಮುನಿಸಿಕೊಂಡು ಹೋದಳು. ಈ ವರ್ಷ ಬಂದಳು. ಮುನಿಸು ಹೋಗುತ್ತೆ ಕಣಪ್ಪ. ಒಡೆದ ಮೊಟ್ಟೆ ಕೂಡಲ್ಲ."

"ನಾಳೆ ಹೇಳ್ತೀನಿ," ಅಂದ ದುಗ್ಗಣ್ಣ.

ಮಾರನೇ ದಿನ ಹೇಳಲು ಹೋದ. ತಾಯಕ್ಕ ಸೂಜಿಯ ಮೈಯ ಉಣ್ಣೆಹುಳ ಹೆಕ್ಕುತ್ತಿದ್ದಳು. ಇವತ್ತು ಬೇಡ ಅಂದುಕೊಂಡ. ಅದರ ಮಾರನೇ ದಿನ ಅವಳು ಸುಟ್ಟ ಹುಲ್ಲಿನ ಮಾತೆತ್ತಿ ಅತ್ತಳು. ಇವತ್ತೂ ಬೇಡ ಅಂದುಕೊಂಡ. ಮೂರನೇ ದಿನ ಗೆಡ್ಡೆ ಅಗೆಯುತ್ತಾ ಮಾತು ಕೂಡಿಸಿಕೊಂಡ. ತಾಯಕ್ಕ, ತಪ್ಪು ತಿಳಿಯಬೇಡ, ಇದು ಅವಳ ಕಡೆಯ ಮಾತು, ನಾನು ಉಳಿಸಿಕೊಳ್ಳಬೇಕು. ಇಷ್ಟು ಸಾಕು. ಇವತ್ತು ಮನೆಗೆ ಹೋದ ಕೂಡಲೇ ಹೇಳಬೇಕು. ಹೇಳಿಕೊಂಡು ಹೇಳಿಕೊಂಡು ಗುಡ್ಡದ ಕಡೆ ನಡೆದ.

ಆಗ ಬೆಳಗಿನ ಜಾವ. ತುಂತುರು ಹನಿಯುತ್ತಿತ್ತು.

ಅಂಗಳಕ್ಕೆ ಬಂದು, ತಿರುಗಿ, ಬೆನ್ನು ಒಳಗೆ ಮಾಡಿದ. ಎರಡು ಹೆಜ್ಜೆ ಹಿಂದಕ್ಕೆ ಇಟ್ಟ. ಅರ್ಧ ಮೈ ಒಳಗೆ, ತಲೆ ಹೊರಗೆ. ಕಣ್ಣು ಅಂಗಳದ ಮೇಲೆ ಬಿತ್ತು.

ಒದ್ದೆ ಮರಳಿನಲ್ಲಿ ಮೊಲದ ಹೆಜ್ಜೆ ಇತ್ತು. ಓಡಿ ಬಂದ ಹೆಜ್ಜೆ. ಸೂಜಿಗೆ ಗರಿಕೆ ತರಲು ತಾಯಕ್ಕ ಹೊರಗೆ ಹೋಗಿದ್ದಳು. ಹನಿ ಜೋರಾದಾಗ ಕಿವಿ ಮಡಚಿ ಓಡಿ ಬಂದಿದ್ದಳು. ಒಂದೊಂದು ಹುಲ್ಲೆಸಳು ದಾರಿಯಲ್ಲಿ ಬಿದ್ದಿತ್ತು.

ಆ ಹೆಜ್ಜೆಗಳ ಮೇಲೆಯೇ ಇನ್ನೊಂದು ಗುರುತು ಇತ್ತು. ಅಗಲವಾದದ್ದು. ಒಂದು ದಪ್ಪ ಕೊರಡನ್ನು ಎಳೆದ ಹಾಗೆ. ಕಾರೆ ಗಿಡದ ಬುಡದಿಂದ ಹೊರಟು ಅದು ನೆಟ್ಟಗೆ ಬಾಗಿಲಿಗೆ ಬಂದಿತ್ತು. ಬಾಗಿಲಿನಿಂದ ಹೊರಗೆ ಹೋಗಿರಲಿಲ್ಲ.

ಮಕ್ಕಳೇ, ಆ ಒಂದು ಗಳಿಗೆಯಲ್ಲಿ ದುಗ್ಗಣ್ಣನಿಗೆ ಎಲ್ಲ ತಿಳಿಯಿತು. ಬೆನ್ನು ಮೊದಲು ಮಾಡಿ ಬಂದರೆ ಮುಖ ದಾರಿಗೆ ಇರುತ್ತದೆ. ತನ್ನ ಹಿಂದೆ ಯಾರು ಬರುತ್ತಿದ್ದಾರೆ ಎಂದು ಕಾಣುತ್ತದೆ. ಹೊಂಬವ್ವ ನಿಲ್ಲುತ್ತಿದ್ದದ್ದು ಸುಸ್ತಿಗಲ್ಲ. ಮರಳು ಹರಡಿದ್ದು ಚೆಂದಕ್ಕಲ್ಲ. ನಿಯಮ ಮುಳ್ಳಿಗಲ್ಲ, ಗೋಡೆಗಲ್ಲ. ಯಾರಿಗೆ ಮುಳ್ಳಿಲ್ಲವೋ ಅವರಿಗೇ ಅದು ಹೆಚ್ಚು ಬೇಕಾಗಿತ್ತು.

ಅವನು ಮುಳ್ಳು ಕೆದರಿದ. ಬೆನ್ನು ಮೊದಲು ಮಾಡಿಯೇ ಒಳಗೆ ಹೋದ.

ಒಳಗೆ ಕತ್ತಲು. ತಾಯಕ್ಕನ ದನಿ ಬಂತು. ಬಹಳ ಸಣ್ಣ ದನಿ. ಹಿಸುಕಿದ ಹಾಗೆ.

"ದುಗ್ಗಣ್ಣ, ಮಗು ಮೂಲೆಯಲ್ಲಿದೆ."

ಅಷ್ಟೇ. ಆಮೇಲೆ ಅವಳ ದನಿ ಬರಲಿಲ್ಲ.

ದುಗ್ಗಣ್ಣ ಬೆನ್ನು ಒತ್ತಿದ. ಮುಳ್ಳು ಮೆತ್ತನೆಯ ಏನಕ್ಕೋ ಚುಚ್ಚಿತು. ಅದು ಬುಸುಗುಟ್ಟಿ ಒಂದು ಮಗ್ಗುಲಿಗೆ ಸರಿಯಿತು. ಆದರೆ ಹಿಡಿದದ್ದನ್ನು ಬಿಡಲಿಲ್ಲ. ಸಿಕ್ಕ ಸಂದಿಯಲ್ಲಿ ಅವನು ಮೂಲೆ ಸೇರಿದ. ಸೂಜಿ ಅಲ್ಲಿ ಬೆನ್ನು ಈ ಕಡೆ ಮಾಡಿ, ಮೆತ್ತನೆ ಮುಳ್ಳನ್ನೇ ನಿಮಿರಿಸಿ, ನಡುಗುತ್ತಾ ಕೂತಿದ್ದಳು.

"ಅಗೆ," ಅಂದ ದುಗ್ಗಣ್ಣ.

ಸೂಜಿ ಹಿಂಬಾಗಿಲ ಮಣ್ಣು ಅಗೆದಳು. ಯಾರೂ ತುಳಿದಿರದ ಮಣ್ಣು. ಬೇಗ ಬಂತು. ದುಗ್ಗಣ್ಣ ಅವಳಿಗೂ ಹಾವಿಗೂ ನಡುವೆ ಮುಳ್ಳು ಬಿಚ್ಚಿ ನಿಂತ.

"ಯಾಕಷ್ಟು ಮುಳ್ಳು?" ಅಂತು ಹೆಬ್ಬಾವು. ಅದಕ್ಕೆ ಯಾವ ಅವಸರವೂ ಇರಲಿಲ್ಲ. "ನಾನೂ ನೆಂಟನೇ. ಬಾಗಿಲು ತೆರೆದಿತ್ತು. ಮುಂದೆ ಹೋದವರು ತಿರುಗಿ ನೋಡಲಿಲ್ಲ. ನೆಂಟರಿಗೆ ಈ ಮನೆಯಲ್ಲಿ ನಿಯಮ ಇಲ್ಲ ಅಂತ ಮೊದಲೇ ಕೇಳಿದ್ದೆ."

ದುಗ್ಗಣ್ಣ ಮುಳ್ಳನ್ನು ಇನ್ನಷ್ಟು ಕೆದರಿದ.

ಹಿಂಬಾಗಿಲಿಂದ ಬೆಳಕು ಬಂತು. ಆ ಬೆಳಕಿನಲ್ಲಿ ನೆಲದ ಮೇಲೆ ಹೊಂಬವ್ವನ ಮೂರು ಮುಳ್ಳು ಕಂಡವು. ಹಾವಿನ ಮೈ ಅವುಗಳ ಮೇಲೆ ಬಿದ್ದಿತ್ತು. ಅದರ ಸುರುಳಿಯೊಳಗಿಂದ ಒಂದು ಕರಕಲು ಕಿವಿ ಹೊರಗೆ ಚಾಚಿತ್ತು. ಅದು ಅಲುಗುತ್ತಿರಲಿಲ್ಲ.

ಅವನು ಮಗಳನ್ನು ಮುಂದೆ ಹೊರಡಿಸಿದ. ತಾನು ಹಾವಿಗೆ ಮುಳ್ಳು ತೋರಿಸುತ್ತಲೇ ಹಿಂದಿನಿಂದ ಹೊರಬಿದ್ದ.

ಹೊರಗೆ ಬಂದು ಸ್ವಲ್ಪ ದೂರ ಹೋದ ಮೇಲೆ ಸೂಜಿ ನಿಂತಳು.

"ಚಿಕ್ಕವ್ವ?"

"ಬರಲ್ಲ."

"ನನ್ನ ಮುಂದೆ ಬಂದು ನಿಂತ್ಕೊಂಡಳಪ್ಪ. ಅವಳಿಗೆ ಮುಳ್ಳೇ ಇಲ್ಲ."

ದುಗ್ಗಣ್ಣ ಮಗಳ ಮುಖ ನೋಡಲಾರದೆ ಗುಡ್ಡದ ಕಡೆ ನೋಡಿದ.

ಹೆಬ್ಬಾವು ಹೊಟ್ಟೆ ತುಂಬಿದರೆ ವಾರಗಟ್ಟಲೆ ಮಲಗುತ್ತದೆ. ಇನ್ನು ಆ ಮನೆ ಅದರದು. ಹೊಂಬವ್ವ ಉಗುರು ಸವೆಸಿ ತೋಡಿದ ಮನೆ. ದುಗ್ಗಣ್ಣ ಮಗಳನ್ನು ಕರೆದುಕೊಂಡು ಹಳ್ಳದ ಆಚೆ ಹೋದ. ಅಲ್ಲಿ ಎರಡು ಬಂಡೆ ಒಂದಕ್ಕೊಂದು ಒರಗಿದ್ದವು. ನಡುವೆ ಒಂದು ಸಂದಿ. ಹಗಲೆಲ್ಲ ಅದನ್ನೇ ಅಗಲ ಮಾಡಿದ. ಸಂಜೆಗೆ ಇಬ್ಬರು ಮಲಗುವಷ್ಟು ಜಾಗವಾಯಿತು. ಮೂಲೆಯಲ್ಲಿ ಒಂದು ಹಿಂಬಾಗಿಲು ತೋಡಿ ಸಡಿಲ ಮಣ್ಣು ತುಂಬಿದ. ಹಳ್ಳದಿಂದ ಮರಳು ಎಳೆದು ತಂದು ಬಾಗಿಲ ಮುಂದೆ ಹರಡಿದ.

ಸೂಜಿ ನೋಡುತ್ತಿದ್ದಳು. ಮರಳು ಹರಡಿ ಮುಗಿದ ಮೇಲೆ ಹೊರಗೆ ಹೋಗಿ, ತಿರುಗಿ, ಬೆನ್ನು ಮೊದಲು ಮಾಡಿ ಒಳಗೆ ಬಂದಳು. ನಡುವೆ ಒಂದು ಗಳಿಗೆ ನಿಂತಳು.

ಅವಳು ಅವ್ವನ ಹಾಗೇ ನಿಂತಿದ್ದಳು. ದುಗ್ಗಣ್ಣ ಮುಖ ತಿರುಗಿಸಿಕೊಂಡ. ಹೊಂಬವ್ವನದು ಅಂತ ಇನ್ನು ಉಳಿದದ್ದು ಆ ಮಾತೊಂದೇ. ಆ ಮೂರು ಮುಳ್ಳನ್ನೂ ತರಲು ಆಗಿರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಬಿಸಿಲು ಬಂತು. ಹಳ್ಳ ದಾಟಿ ಒಂದು ಮೊಲ ಬಂತು. ಅವನು ಚನ್ನಿಗ. ತಾಯಕ್ಕನ ತಮ್ಮ. ಮರಿಯಣ್ಣ ದಾರಿ ಹೇಳಿ ಕಳಿಸಿದ್ದ. ದಾರಿ ಮಾತ್ರ ಹೇಳಿದ್ದ, ಬೇರೇನೂ ಹೇಳಿರಲಿಲ್ಲ. ಅದೊಂದು ಸುದ್ದಿಯನ್ನು ಅವನ ಬಾಯಿಯೂ ಆಡಲಾರದೆ ಹೋಗಿತ್ತು.

ಚನ್ನಿಗನ ಮುಖದಲ್ಲಿ ಗೆಲುವಿತ್ತು. ಸುಟ್ಟ ಜಾಗದಲ್ಲಿ ಎಳೆ ಹುಲ್ಲು ಬಂದಿದೆ, ಅಕ್ಕನನ್ನು ಕರೆದುಕೊಂಡು ಹೋಗೋಣ ಅಂತ ಬಂದೆ ಎಂದ. ಇಷ್ಟು ದಿನ ಇಟ್ಟುಕೊಂಡಿದ್ದಕ್ಕೆ ನಿಮ್ಮ ಋಣ ದೊಡ್ಡದು ಎಂದ. "ಅಕ್ಕ ಒಳಗಿದ್ದಾಳಾ?" ಎಂದು ಕೇಳಿ, ಕಿವಿ ಮಡಚಿ ತಲೆ ಮುಂದೆ ಮಾಡಿದ.

ದುಗ್ಗಣ್ಣ ಬಾಗಿಲಿಗೆ ಅಡ್ಡ ನಿಂತ.

"ಬೆನ್ನು ಮೊದಲು, ಚನ್ನಿಗ."

"ಏನು?"

"ನಮ್ಮ ಮನೆಗೆ ಯಾರೇ ಬರಲಿ, ಬೆನ್ನು ಮೊದಲು ಮಾಡಿ ಬರಬೇಕು. ಮುಖ ಹೊರಗೆ ಇರಬೇಕು. ಹಿಂದೆ ಯಾರು ಬರುತ್ತಿದ್ದಾರೆ ಅಂತ ಕಾಣಬೇಕು. ಅದಕ್ಕೆ. ನಿನಗೆ ಕಷ್ಟ ಅಂತ ಗೊತ್ತು. ಆದರೂ ಹಾಗೇ ಬರಬೇಕು."

ಚನ್ನಿಗ ನಗಲು ಹೋದ. ದುಗ್ಗಣ್ಣನ ಮುಖ ನೋಡಿ ನಗಲಿಲ್ಲ.

"ಅಕ್ಕನಿಗೂ ಹಿಂಗೇ ಹೇಳಿದ್ರಾ?" ಅಂದ.

"ಇಲ್ಲ," ಅಂದ ದುಗ್ಗಣ್ಣ.

ಚನ್ನಿಗ ಅವನನ್ನೇ ದಿಟ್ಟಿಸಿದ. ಆಮೇಲೆ ನಿಧಾನವಾಗಿ ತಿರುಗಿದ. ಉದ್ದ ಕಾಲು ತೊಡರಿಕೊಂಡು ಒಂದು ಸಲ ಬಾಲದ ಮೇಲೆ ಕೂತ. ಎದ್ದ. ಮತ್ತೆ ಹಿಂದಕ್ಕೆ ಹೆಜ್ಜೆ ಇಟ್ಟ. ಅರ್ಧ ಒಳಗೆ ಬಂದಾಗ ದುಗ್ಗಣ್ಣ, ನಿಲ್ಲು, ನೋಡು ಅಂದ. ಅವನು ನಿಂತು ನೋಡಿದ. ದಾರಿ ಖಾಲಿ ಇತ್ತು. ಮರಳಿನ ಮೇಲೆ ಅವನ ಹೆಜ್ಜೆ ಮಾತ್ರ ಇತ್ತು.

ಅವನು ಪೂರ್ತಿ ಒಳಗೆ ಬಂದ ಮೇಲೆ ದುಗ್ಗಣ್ಣ ಅವನ ಎದುರಿಗೆ ಕೂತ. ಸೂಜಿಯನ್ನು ಪಕ್ಕಕ್ಕೆ ಕರೆದುಕೊಂಡ. ತಾನು ಬಾಗಿಲಲ್ಲಿ 'ಇರಲಿ ಬಾ' ಅಂದದ್ದರಿಂದ ಹಿಡಿದು, ಏನನ್ನೂ ಬಿಡದೆ, ಅವನ ಅಕ್ಕನ ಸುದ್ದಿ ಹೇಳಿದ.

ನೀತಿ: ಮನೆಯ ನಿಯಮವನ್ನು ಕಾರಣ ತಿಳಿದು, ಬಂದವರಿಗೆ ಬಾಗಿಲಲ್ಲೇ ಹೇಳಬೇಕು, ದಾಕ್ಷಿಣ್ಯಕ್ಕೆ ಬಾಯಿ ಮುಚ್ಚಿದವನು ಮನೆಯನ್ನೂ ಕಳೆದುಕೊಳ್ಳುತ್ತಾನೆ, ಮನೆಗೆ ಬಂದವರನ್ನೂ ಕಳೆದುಕೊಳ್ಳುತ್ತಾನೆ.